ಬಾಗಿಲು ಕಾಯುವವರ ಧರ್ಮ

ನಮ್ಮ ನಾಡಿನಲ್ಲಿ ಜಿಲ್ಲೆಯ ಮುಖ್ಯಪಟ್ಟಣಗಳಿಗೆ ಹೋದಾಗ, ಕಚೇರಿಗಳ ಸಮೀಪದಲ್ಲಿ, ಹಳೆಯ ಮರಗಳ ನೆರಳಿನಲ್ಲಿ, ಹೆಂಚು ಹೊದಿಸಿದ ಉದ್ದ ಜಗಲಿಯ ಕಟ್ಟಡವೊಂದು ಹಲವೆಡೆ ಕಾಣಬರುವುದು. ಸಂಜೆಯಾದೊಡನೆ ಅಲ್ಲಿ ದೀಪಗಳು ಹತ್ತುವುವು. ಒಂದು ಕಡೆ ಟೆನ್ನಿಸ್ ಚೆಂಡಿನ ಸದ್ದು, ಇನ್ನೊಂದು ಕಡೆ ಇಸ್ಪೀಟಿನ ಮೇಜಿನ ಗದ್ದಲ, ಮತ್ತೊಂದು ಕಡೆ ವೃತ್ತಪತ್ರಿಕೆಗಳನ್ನು ಮಗುಚುವವರ ಮೌನ. ಜನರು ಅದನ್ನು ಕ್ಲಬ್ಬು ಎನ್ನುತ್ತಾರೆ. ದಾರಿಹೋಕನಿಗೆ ಅದರ ಬೆಳಕು ಕಾಣುವುದು, ಒಳಗಿನ ನಗು ಕೇಳಿಸುವುದು. ಅಲ್ಲಿಯ ವ್ಯವಹಾರ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲವೆಂಬುದು ಒಳಗಿರುವವರ ಅಭಿಪ್ರಾಯ.

ಇಂತಹ ಕೂಟಗಳನ್ನು ನಡೆಸುವ ಅಧ್ಯಕ್ಷರು, ಕಾರ್ಯದರ್ಶಿಗಳು, ಸಮಿತಿಯ ಸದಸ್ಯರು, ಇವರ ಧರ್ಮವೇನೆಂಬ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಎತ್ತಿದಂತೆ ಕಾಣೆ. ಅರಸನ ಧರ್ಮವನ್ನು ನಮ್ಮ ಹಿರಿಯರು ವಿಸ್ತಾರವಾಗಿ ವಿಚಾರಮಾಡಿದರು. ಗೃಹಸ್ಥನ ಧರ್ಮವನ್ನೂ ಬಿಡಲಿಲ್ಲ. ಆದರೆ ಕ್ಲಬ್ಬಿನ ಕಾರ್ಯದರ್ಶಿಯು ಅರಸನೂ ಅಲ್ಲ, ಕೇವಲ ಗೃಹಸ್ಥನೂ ಅಲ್ಲ. ಅವನು ಕಾಯುವ ಬಾಗಿಲು ತನ್ನ ಮನೆಯದಲ್ಲ, ಊರಿನದೂ ಅಲ್ಲ. ಮನೆಗೂ ಊರಿಗೂ ನಡುವಣ ಒಂದು ಹೊಸ್ತಿಲಿನ ಮೇಲೆ ಅವನು ನಿಂತಿರುವನು. ನಾನು ಹನ್ನೊಂದು ವರ್ಷಕಾಲ ಅಂತಹ ಒಂದು ಹೊಸ್ತಿಲಿನ ಮೇಲೆ ನಿಂತಿದ್ದವನು. ಆದಕಾರಣ ಈ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಲ್ಲ. ಸ್ವಂತ ವಿಷಯವನ್ನು ನಡುನಡುವೆ ತರಬೇಕಾಗಿರುವುದಕ್ಕೆ ವಾಚಕರು ಕ್ಷಮಿಸಬೇಕು.

ಮೊದಲು ಈ ಜನರ ಪರವಾಗಿ ಹೇಳತಕ್ಕದ್ದನ್ನು ಹೇಳಿಬಿಡುವುದು ನ್ಯಾಯ. ಕ್ಲಬ್ಬಿನ ಕೆಲಸವೆಂದರೆ ಮಾನದ ಕೆಲಸವೆಂದು ಹೊರಗಿನವರು ಭಾವಿಸುವರು. ನಿಜವಾಗಿ ಅದು ಹಾಲಿನ ಲೆಕ್ಕ, ಸೋರುವ ಮಾಡು, ಕೆಟ್ಟುಹೋದ ಪಂಪು, ಬಾಕಿ ನಿಂತ ಚಂದಾ, ಇಬ್ಬರು ಹಿರಿಯರ ನಡುವೆ ಇಸ್ಪೀಟಿನ ಮೇಜಿನಲ್ಲಿ ಹುಟ್ಟಿದ ಮುನಿಸು, ಇವುಗಳ ಕೆಲಸ. ಸಂಬಳವಿಲ್ಲ, ಬೈಗುಳ ಧಾರಾಳ. ಇಂಥ ಕೆಲಸದಲ್ಲಿ ಮುಳುಗಿದವನನ್ನು ಕಂಡೇ 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆ ಹುಟ್ಟಿರಬೇಕು. 1824ರಲ್ಲಿ ಲಂಡನ್ನಿನಲ್ಲಿ ಅಥೀನಿಯಂ ಎಂಬ ಕ್ಲಬ್ಬು ಸ್ಥಾಪನೆಯಾದಾಗ ಅದರ ಮೊದಲನೆಯ ಕಾರ್ಯದರ್ಶಿಯಾಗಿದ್ದವನು ಮೈಕೇಲ್ ಫ್ಯಾರಡೆ. ವಿದ್ಯುಚ್ಛಕ್ತಿಯ ರಹಸ್ಯಗಳನ್ನು ಬಿಡಿಸಿಟ್ಟ ಆ ಮಹಾವಿಜ್ಞಾನಿಯು ಕೆಲವೇ ತಿಂಗಳುಗಳಲ್ಲಿ ಆ ಭಾರವನ್ನು ತನ್ನ ಮಿತ್ರನಾದ ಎಡ್ವರ್ಡ್ ಮಾಗ್ರಾತನಿಗೆ ಒಪ್ಪಿಸಿ ತನ್ನ ಪ್ರಯೋಗಶಾಲೆಗೆ ಹಿಂದಿರುಗಿದನು. ಅವನ ವಿವೇಕ ಎಲ್ಲರಿಗೂ ಬರುವುದಿಲ್ಲ. ಹಿಂದಿರುಗುವುದಕ್ಕೆ ಪ್ರಯೋಗಶಾಲೆಯಿಲ್ಲದವರು ಕ್ಲಬ್ಬಿನಲ್ಲಿಯೇ ಉಳಿದುಬಿಡುತ್ತಾರೆ. ಅಂಥವರ ದುಡಿಮೆಯಿಲ್ಲದಿದ್ದರೆ ಸಂಜೆಯ ಆ ದೀಪಗಳು ಹತ್ತುತ್ತಿರಲಿಲ್ಲ.

ಎರಡನೆಯದಾಗಿ, ತಮಗೆ ಬೇಕಾದವರನ್ನು ಆರಿಸಿಕೊಂಡು ಜೊತೆಯಾಗಿ ಕೂಡುವ ಹಕ್ಕು ಮನುಷ್ಯರಿಗೆ ಉಂಟು. ಇದನ್ನು ಅಲ್ಲಗಳೆಯುವವರು ಸ್ನೇಹವನ್ನೇ ಅಲ್ಲಗಳೆಯಬೇಕಾಗುವುದು. 1764ರಲ್ಲಿ ಚಿತ್ರಕಾರನಾದ ಜೋಷುವ ರೆನಾಲ್ಡ್ಸನೂ ಪಂಡಿತನಾದ ಸ್ಯಾಮ್ಯುಯಲ್ ಜಾನ್ಸನ್ನನೂ ಸೇರಿ ಲಂಡನ್ನಿನ ಒಂದು ಪಾನಗೃಹದಲ್ಲಿ ಒಂದು ಕೂಟವನ್ನು ಆರಂಭಿಸಿದರು. ಮೊದಲಿಗೆ ಒಂಬತ್ತೇ ಜನ. ಬರ್ಕ್, ಗೋಲ್ಡ್‌ಸ್ಮಿತ್ ಅವರಲ್ಲಿ ಸೇರಿದ್ದರು. ಜಾನ್ ಹಾಕಿನ್ಸನೆಂಬವನು ತಾನು ರಾತ್ರಿ ಊಟ ಮಾಡುವವನಲ್ಲವೆಂದು ಹೇಳಿ ಊಟದ ವೆಚ್ಚದಲ್ಲಿ ತನ್ನ ಪಾಲನ್ನು ಕೊಡಲು ಒಪ್ಪಲಿಲ್ಲವಂತೆ. ಅವನು ಕೂಟಕ್ಕೆ ಒಗ್ಗುವ ಮನುಷ್ಯನಲ್ಲವೆಂದು ಜಾನ್ಸನ್ನನು ಹೇಳಿದನು. ಕೆಲವು ಕಾಲದಲ್ಲಿ ಹಾಕಿನ್ಸನು ಕೂಟವನ್ನು ಬಿಟ್ಟನು. ಇದರಲ್ಲಿ ಅನ್ಯಾಯವನ್ನು ನಾನು ಕಾಣೆ. ಒಂಬತ್ತು ಜನರು ಒಂದು ಮೇಜಿನ ಸುತ್ತ ಕುಳಿತಾಗ ಒಬ್ಬನ ಜಿಪುಣತನ ಉಳಿದ ಎಂಟು ಮಂದಿಯ ಊಟವನ್ನು ಕಹಿಮಾಡಬಲ್ಲದು. ಅವನಿಗೆ ಹೇಳಬೇಕಾದದ್ದನ್ನು ಅವರು ಹೇಳಬಲ್ಲವರಾಗಿದ್ದರು. ಅವನು ಬೇರೆಡೆಯಲ್ಲಿ ಉಣ್ಣಬಲ್ಲವನಾಗಿದ್ದನು.

ಆದರೆ ಒಂಬತ್ತು ಜನರ ನ್ಯಾಯ ಒಂಬೈನೂರು ಜನರಿಗೆ ಸಲ್ಲುವುದೆ? ತೊಡಕು ಇರುವುದು ಇಲ್ಲಿ. ಊರಿಗೆ ಒಂದೇ ಕ್ಲಬ್ಬಿದ್ದು, ಅಲ್ಲಿ ಜಿಲ್ಲಾಧಿಕಾರಿಗಳು, ನ್ಯಾಯಾಧೀಶರು, ವಕೀಲರು, ವೈದ್ಯರು, ವರ್ತಕರು ಪ್ರತಿಸಂಜೆಯೂ ಕೂಡುತ್ತಿರುವಾಗ, ಅದು ಸ್ನೇಹದ ಕೂಟವೆಂದು ಹೇಳುವುದು ಅರ್ಧಸತ್ಯ. ಊರಿನ ಅರ್ಧ ಕೆಲಸ ಆ ಜಗಲಿಯಲ್ಲಿ ನಡೆಯುವುದು. ಅಲ್ಲಿ ಪ್ರವೇಶವಿಲ್ಲದವನು ಒಂದು ಊಟವನ್ನಲ್ಲ, ಊರಿನಲ್ಲಿ ತನ್ನ ಒಂದು ಪಾಲನ್ನು ಕಳೆದುಕೊಂಡವನು. ಕಲ್ಕತ್ತೆಯಲ್ಲಿ 1827ರಲ್ಲಿ ಸ್ಥಾಪಿತವಾದ ಬೆಂಗಾಲ್ ಕ್ಲಬ್ಬು ಬಹುಕಾಲ ಭಾರತೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ವೈಸರಾಯಿಯಾಗಿದ್ದ ಮಿಂಟೋ ಪ್ರಭುವು ಊಟಕ್ಕೆ ಕರೆದಿದ್ದ ರಾಜೇಂದ್ರನಾಥ ಮುಖರ್ಜಿಯವರನ್ನೇ ಅಲ್ಲಿ ಬಾಗಿಲಿನಲ್ಲಿ ತಡೆದರೆಂದೂ, ಆ ಅಪಮಾನದಿಂದಲೇ 1907ರಲ್ಲಿ ಕಲ್ಕತ್ತಾ ಕ್ಲಬ್ಬು ಹುಟ್ಟಿತೆಂದೂ ಹೇಳುತ್ತಾರೆ. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯದು. ನಮ್ಮ ಬೆಂಗಳೂರಿನಲ್ಲಿಯೂ 1917ರಲ್ಲಿ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸೆಂಚುರಿ ಕ್ಲಬ್ಬು ಸ್ಥಾಪಿತವಾಯಿತು. ಬಿಳಿಯರ ಕ್ಲಬ್ಬುಗಳ ಬಾಗಿಲು ಮುಚ್ಚಿದ್ದಾಗ ತಮ್ಮವರಿಗೆ ಬೇರೆ ಬಾಗಿಲನ್ನು ತೆರೆದದ್ದು ಸ್ವಾಭಿಮಾನದ ಕಾರ್ಯ, ಅದರಲ್ಲಿ ಸಂದೇಹವಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅಪಮಾನದಿಂದ ಹುಟ್ಟಿದ ಅದೇ ಕಲ್ಕತ್ತಾ ಕ್ಲಬ್ಬು ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು 2007ನೆಯ ಇಸವಿಯವರೆಗೆ ಕಾಯಿತು. ಸಂಪೂರ್ಣವಾಗಿ ಒಂದು ನೂರು ವರ್ಷ! ಹೊಸ್ತಿಲಿನಾಚೆ ನಿಂತು ನೊಂದವನು ಒಳಗೆ ಬಂದು ಬಾಗಿಲ ಬಳಿ ಕುಳಿತರೆ, ಆ ನೋವನ್ನು ಇಷ್ಟು ಬೇಗ ಮರೆಯುವನೆ? ಮರೆಯುವನೆಂದೇ ಹೇಳಬೇಕಾಗಿದೆ. 2014ರಲ್ಲಿ ಚೆನ್ನೈನ ಕ್ರಿಕೆಟ್ ಸಂಸ್ಥೆಯೊಂದರ ಕ್ಲಬ್ಬಿನಲ್ಲಿ ಉಚ್ಚನ್ಯಾಯಾಲಯದ ನ್ಯಾಯಾಧೀಶರೊಬ್ಬರು ಪಂಚೆಯುಟ್ಟು ಬಂದರೆಂಬ ಕಾರಣದಿಂದ ಅವರಿಗೆ ಪ್ರವೇಶ ದೊರೆಯಲಿಲ್ಲ. ಕೆಲವೇ ವಾರಗಳಲ್ಲಿ ತಮಿಳುನಾಡಿನ ವಿಧಾನಸಭೆಯು ಆ ಬಗೆಯ ನಿಷೇಧವನ್ನು ಅಪರಾಧವೆಂದು ಶಾಸನಮಾಡಿತು. ಪರಂಗಿಯವನು ಬಿಟ್ಟುಹೋದ ನಿಯಮವನ್ನು, ಅವನು ಹೋಗಿ ಅರವತ್ತೇಳು ವರ್ಷಗಳಾದ ಮೇಲೂ, ನಮ್ಮವನೇ ನಮ್ಮವನ ಮೇಲೆ ನಡೆಸುತ್ತಿದ್ದನು. ನಡೆಸಿದವನು ದುಷ್ಟನೆ? ಹಾಗೆ ನನಗೆ ತೋರುವುದಿಲ್ಲ. ಅವನು ನಿಯಮವನ್ನು ಪಾಲಿಸುತ್ತಿದ್ದನು; ಅಷ್ಟೆ. ಈ 'ಅಷ್ಟೆ' ಎಂಬ ಮಾತಿನಲ್ಲಿಯೇ ನನ್ನ ಪ್ರಶ್ನೆಯೆಲ್ಲ ಅಡಗಿದೆ.

ಈಗ ನನ್ನ ಸ್ವಂತ ವಿಷಯ. ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಕಾರ್ಯದರ್ಶಿಯಾಗಿದ್ದ ಕ್ಲಬ್ಬಿನಲ್ಲಿ, ಸದಸ್ಯತ್ವಕ್ಕೆ ಅರ್ಜಿ ಬಂದಾಗ, ಸಮಿತಿಯ ಹನ್ನೊಂದು ಮಂದಿ ಒಂದು ಚೀಲದೊಳಕ್ಕೆ ಕೈಯಿಟ್ಟು, ಬಿಳಿಯ ಅಥವಾ ಕರಿಯ ಗೋಲಿಯನ್ನು ಹಾಕುವ ಪದ್ಧತಿಯಿತ್ತು. ಎರಡು ಕರಿಯ ಗೋಲಿಗಳು ಬಿದ್ದರೆ ಅರ್ಜಿ ತಿರಸ್ಕೃತವಾದಂತೆ. ಯಾರು ಹಾಕಿದರೆಂದು ಕೇಳಕೂಡದು, ಏಕೆಂದು ಹೇಳಬೇಕಾದದ್ದಿಲ್ಲ. ಒಂದು ಸಲ ಪಟ್ಟಣದಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ತರುಣರೊಬ್ಬರ ಅರ್ಜಿ ಬಂದಿತು. ವಿದ್ಯಾವಂತರು, ಮಿತಭಾಷಿಗಳು. ಸಮಿತಿಯವರಲ್ಲಿಯೇ ಕೆಲವರ ಮನೆಗೆ ಅವರು ರಾತ್ರಿಹೊತ್ತಿನಲ್ಲಿ ಎದ್ದುಹೋಗಿ ಚಿಕಿತ್ಸೆ ಮಾಡಿದ್ದುಂಟು. ಅವರ ತಂದೆಯು ನಮ್ಮ ಕ್ಲಬ್ಬಿನಲ್ಲಿಯೇ ಇಪ್ಪತ್ತೆಂಟು ವರ್ಷ ಮಾರ್ಕರ್ ಆಗಿದ್ದು ನಿವೃತ್ತನಾಗಿದ್ದನು. ಬಿಲಿಯರ್ಡ್ಸ್ ಮೇಜಿನ ಬಳಿ ನಿಂತು ಅಂಕಿಗಳನ್ನು ಕೂಗುವುದು, ಟೆನ್ನಿಸ್ ಬಯಲಿಗೆ ಸುಣ್ಣದ ಗೆರೆ ಹಾಕುವುದು ಅವನ ಕೆಲಸ.

ಚೀಲವನ್ನು ಮೇಜಿನ ಮೇಲೆ ಸುರಿದವನು ನಾನು. ಎಂಟು ಬಿಳಿ, ಮೂರು ಕರಿ. ಯಾರೂ ಮಾತಾಡಲಿಲ್ಲ. ಚಹ ತಂದಿಟ್ಟ ಮಾಣಿಯು ಆ ಮಾರ್ಕರನ ಬಹುಕಾಲದ ಜೊತೆಗಾರ. ಮೇಜಿನ ಮೇಲಿದ್ದ ಕರಿಯ ಗೋಲಿಗಳನ್ನು ಅವನೂ ನೋಡಿದನು. ನಾನು ಹಾಕಿದ್ದು ಬಿಳಿಯ ಗೋಲಿ. ಅದರಿಂದ ನನಗೆ ಆಗ ಒಂದು ಬಗೆಯ ಸಮಾಧಾನವಾಯಿತೆಂಬುದನ್ನು ಮುಚ್ಚುವುದಿಲ್ಲ. ಮರುದಿನ ಕಾಗದ ಬರೆದೆ: ತಮ್ಮ ಅರ್ಜಿಯನ್ನು ಅಂಗೀಕರಿಸಲು ಸಮಿತಿಯು ಅಸಮರ್ಥವಾಗಿದೆಯೆಂದು ವಿಷಾದಪೂರ್ವಕವಾಗಿ ತಿಳಿಸಲ್ಪಡುತ್ತದೆ. ನಮ್ಮ ಭಾಷೆಯಲ್ಲಿ ಕರ್ಮಣಿಪ್ರಯೋಗ ಆಡುಮಾತಿಗೆ ಒಗ್ಗುವುದಿಲ್ಲ. ಕಚೇರಿಯ ಕಾಗದಗಳಲ್ಲಿ ಮಾತ್ರ ಹೇರಳವಾಗಿರುವುದು. ಏಕೆ? ಕರ್ತೃವನ್ನು ಮರೆಮಾಡುವುದಕ್ಕೆ ಅದಕ್ಕಿಂತ ಅನುಕೂಲವಾದ ಸಾಧನ ವ್ಯಾಕರಣದಲ್ಲಿ ಬೇರೆಯಿಲ್ಲ. ಸಮಿತಿಯು ಅಸಮರ್ಥವಾಗಿರಲಿಲ್ಲ, ಅದಕ್ಕೆ ಮನಸ್ಸಿರಲಿಲ್ಲ. 'ತಿಳಿಸಲ್ಪಡುತ್ತದೆ' ಎಂಬಲ್ಲಿ ತಿಳಿಸುತ್ತಿದ್ದವನು ನಾನೇ ಆಗಿದ್ದೆ.

ಮೂರು ದಿನಗಳಾದ ಮೇಲೆ ಆ ವೈದ್ಯರು ನಮ್ಮ ಮನೆಗೆ ಬಂದರು. ಕೋಪವಿರಲಿಲ್ಲ. 'ಕಾರಣ ಕೇಳುವುದಕ್ಕೆ ಬಂದಿಲ್ಲ, ಸಾರ್. ಅಪ್ಪ ದಿನಾ ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ ಎಂದು ತಮ್ಮನ್ನು ಕೇಳಿಹೋಗೋಣವೆಂದು ಬಂದೆ' ಎಂದರು. ನಿಯಮವು ಹಾಗಿದೆಯೆಂದು ನಾನು ಹೇಳಿದೆ. 'ನಿಯಮ ಅವರಿಗೆ ಗೊತ್ತು, ಸಾರ್' ಎಂದು ಹೇಳಿ, ಕೊಟ್ಟ ಕಾಫಿಯನ್ನು ಕುಡಿದು, ನಮಸ್ಕಾರ ಮಾಡಿ ಹೊರಟುಹೋದರು.

ಅಂದಿನಿಂದ ಈ ವಿಷಯವನ್ನು ನಾನಾ ರೀತಿಯಲ್ಲಿ ತರ್ಕಿಸಿ ನೋಡಿದ್ದೇನೆ. ನನ್ನ ಪರವಾಗಿ ಹೇಳಬಹುದಾದ ವಾದಗಳು ಮೂರು. ಮೊದಲನೆಯದು: ಆರಿಸಿಕೊಳ್ಳುವ ಹಕ್ಕು ಇದ್ದಮೇಲೆ ಕಾರಣ ಹೇಳುವ ಭಾರವಿಲ್ಲ; ಸ್ನೇಹಕ್ಕೆ ಕಾರಣ ಕೇಳುವುದುಂಟೆ? ಇದಕ್ಕೆ ಸಮಾಧಾನವನ್ನು ಮೇಲೆಯೇ ಅರ್ಧ ಹೇಳಿದ್ದೇನೆ. ಸ್ನೇಹದಲ್ಲಿ ಆರಿಸುವವನು ತನಗಾಗಿ ಆರಿಸುವನು. ಸಮಿತಿಯವನಾದರೋ ಇತರರಿಗಾಗಿ ಆರಿಸುವನು. ಅವನ ಕೈಯಲ್ಲಿರುವ ಗೋಲಿ ಸ್ವಂತದ್ದಲ್ಲ, ಆರುನೂರು ಸದಸ್ಯರು ಅವನಲ್ಲಿ ಇಟ್ಟಿರುವ ನಿಕ್ಷೇಪ. ತನ್ನ ಮನಸ್ಸಿನ ಸಣ್ಣತನವನ್ನು ಆ ನಿಕ್ಷೇಪದಿಂದ ತೀರಿಸಿಕೊಳ್ಳುವುದು ಪರರ ಹಣದಿಂದ ತನ್ನ ಸಾಲವನ್ನು ತೀರಿಸಿದಂತೆ. ತೆರಿಗೆಯ ನ್ಯಾಯದಲ್ಲಿ ಒಂದು ತತ್ತ್ವವುಂಟು. ಸದಸ್ಯರು ತಮ್ಮ ಹಣವನ್ನು ಕೂಡಿಹಾಕಿ ತಾವೇ ಅನುಭವಿಸಿದರೆ ಅದು ಆದಾಯವಲ್ಲ; ಯಾರೂ ತನ್ನಿಂದ ತಾನೇ ಲಾಭ ಗಳಿಸಲಾರನು. ಆದರೆ ಬೆಂಗಳೂರು ಕ್ಲಬ್ಬು ತನ್ನ ಉಳಿತಾಯವನ್ನು ತನ್ನ ಸದಸ್ಯರೇ ಆಗಿದ್ದ ಬ್ಯಾಂಕುಗಳಲ್ಲಿಟ್ಟು ಬಡ್ಡಿ ಪಡೆದಾಗ, ಆ ಹಣ ವೃತ್ತವನ್ನು ದಾಟಿ ಹೊರಗಿನವರ ವ್ಯವಹಾರಕ್ಕೆ ಹೋಯಿತೆಂದೂ, ಆದಕಾರಣ ಬಡ್ಡಿಗೆ ತೆರಿಗೆಯುಂಟೆಂದೂ ಸರ್ವೋಚ್ಚನ್ಯಾಯಾಲಯವು 2013ರಲ್ಲಿ ತೀರ್ಪು ಕೊಟ್ಟಿತು. ಹಣಕ್ಕೆ ಸಂದ ಈ ವಿವೇಕ ನಡತೆಗೂ ಸಲ್ಲಬೇಡವೆ? ನಮ್ಮ ಕಾರ್ಯದ ಫಲ ನಮ್ಮ ವೃತ್ತದೊಳಗೆ ಇರುವತನಕ ಅದು ನಮ್ಮ ಖಾಸಗಿ ಮಾತು. ವೃತ್ತವನ್ನು ದಾಟಿ, ಹೊರಗಿನ ಒಬ್ಬ ಮುದುಕನ ಮನೆಯ ಜಗಲಿಯವರೆಗೆ ಹೋದಮೇಲೆ, ಅಲ್ಲಿ ನಾವು ಕೊಡಬೇಕಾದ ತೆರಿಗೆಯೊಂದು ಉಂಟು.

ಎರಡನೆಯ ವಾದ: ಗುಪ್ತಮತವು ಮನಸ್ಸಾಕ್ಷಿಯ ರಕ್ಷಣೆಗಾಗಿ ಇರುವುದು, ಪ್ರಬಲನಾದವನು ಅರ್ಜಿ ಹಾಕಿದಾಗ ದುರ್ಬಲನಾದ ಸದಸ್ಯನು ಬಹಿರಂಗವಾಗಿ ಹೇಗೆ ವಿರೋಧಿಸಬಲ್ಲನು? ಇದು ತೂಕವುಳ್ಳ ಮಾತು. ದೇಶದ ಚುನಾವಣೆಯಲ್ಲಿ ಗುಪ್ತಮತವನ್ನು ಇಟ್ಟಿರುವುದು ಇದಕ್ಕಾಗಿಯೇ. ಆದರೆ ಅಲ್ಲಿ ಅದು ಬಡವನನ್ನು ಬಲಿಷ್ಠನಿಂದ ಕಾಪಾಡುವುದು. ನಮ್ಮ ಮೇಜಿನ ಮೇಲೆ ಅದು ಯಾರನ್ನು ಯಾರಿಂದ ಕಾಪಾಡಿತು? ಒಳಗಿದ್ದ ಮೂವರು ಬಲಿಷ್ಠರನ್ನು ಹೊರಗಿದ್ದ ಒಬ್ಬನಿಂದ, ಅಥವಾ ಇನ್ನೂ ಸರಿಯಾಗಿ ಹೇಳುವುದಾದರೆ, ಅವರನ್ನು ಅವರ ನಾಚಿಕೆಯಿಂದಲೇ ಕಾಪಾಡಿತು. ಆದುದರಿಂದ ಗುಟ್ಟು ತಾನಾಗಿ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದನ್ನು ಅಳೆಯುವುದಕ್ಕೆ ನನಗೆ ತೋರಿದ ಅಳತೆಗೋಲು ಇದು: ನಿರಾಕರಣೆಯ ಕಾರಣವನ್ನು ನಿರಾಕೃತನಾದವನ ಮುಖ ನೋಡಿ ಹೇಳಬಲ್ಲೆನೆ? ಅವನು ಜಗಳಗಂಟನೆಂದೋ, ಬಾಕಿ ತೀರಿಸುವವನಲ್ಲವೆಂದೋ ಇದ್ದರೆ, ಹೇಳಿ ನೋಯಿಸಬೇಕಾಗಿಲ್ಲ; ಆದರೆ ಹೇಳಬೇಕಾಗಿ ಬಂದರೆ ತಲೆತಗ್ಗಿಸದೆ ಹೇಳಬಹುದು. ಹೇಳದಿರುವುದು ದಾಕ್ಷಿಣ್ಯವಾಗಬಹುದು, ಹೇಳಲಾರದಿರುವುದು ಅಪರಾಧದ ಗುರುತು. 'ನಿಮ್ಮ ತಂದೆಯು ನಮಗೆ ಅಂಕಿ ಕೂಗುತ್ತಿದ್ದನು' ಎಂದು ಆ ವೈದ್ಯರ ಎದುರಿಗೆ ಹೇಳಬಲ್ಲವರು ಆ ಮೂವರಲ್ಲಿ ಯಾರೂ ಇರಲಿಲ್ಲ.

ಮೂರನೆಯದು ನನಗೆ ಅತ್ಯಂತ ಪ್ರಿಯವಾಗಿದ್ದ ವಾದ. ಆದಕಾರಣವೇ ಅತ್ಯಂತ ಅಪಾಯಕರವಾದದ್ದು. ನಾನು ಹಾಕಿದ್ದು ಬಿಳಿಯ ಗೋಲಿಯಲ್ಲವೆ? ರಾಜೀನಾಮೆ ಕೊಟ್ಟಿದ್ದರೆ ಪ್ರಯೋಜನವೇನು? ಒಳಗಿದ್ದು ತಿದ್ದುವುದು ಲೇಸಲ್ಲವೆ? ನಾನಿಲ್ಲದಿದ್ದರೆ ಕ್ಲಬ್ಬಿನ ಲೆಕ್ಕವನ್ನು ನೋಡುವವರು ಯಾರು? ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಕರಿಯ ಗೋಲಿ ಹಾಕುವವರು ಕಾರಣವನ್ನು ಬರೆದು ಸಮಿತಿಯ ಮುಂದಿಡಬೇಕೆಂದು ಒಂದು ತಿದ್ದುಪಡಿಯನ್ನು ಸೂಚಿಸಿದೆನು. ಅದು ಬಿದ್ದುಹೋಯಿತು. ಮರುದಿನ ನಾನು ಎಂದಿನಂತೆ ಹೋಗಿ ಹಾಲಿನ ಲೆಕ್ಕವನ್ನು ಬರೆದೆ. ಇನ್ನೂ ಎರಡು ವರ್ಷ ಬರೆದೆ. ಆ ಎರಡು ವರ್ಷಗಳಲ್ಲಿ ನಾನು ಏನನ್ನು ತಿದ್ದಿದೆನೆಂದು ಕೇಳಿದರೆ ಉತ್ತರವಿಲ್ಲ. ಒಳಗಿದ್ದು ತಿದ್ದುವೆನೆನ್ನುವವನು ತಿದ್ದುವುದಕ್ಕೆ ಒಂದು ಅವಧಿಯನ್ನು ತನಗೆ ತಾನೇ ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ಅವನು ಒಳಗಿರುವುದಕ್ಕಾಗಿಯೇ ಒಳಗಿರುವನು. ನನ್ನಿಂದಲೇ ನಡೆಯುವುದೆಂಬ ನಂಬಿಕೆ ಸೇವಕನಿಗೆ ದೊರೆಯುವ ಸಂಬಳ. ಸಂಬಳವಿಲ್ಲದೆ ದುಡಿಯುತ್ತೇನೆಂದು ಹೇಳಿಕೊಳ್ಳುತ್ತಿದ್ದ ನಾನು ಅದನ್ನು ಹನ್ನೊಂದು ವರ್ಷ ತಪ್ಪದೆ ಪಡೆದೆನು.

ಇನ್ನೊಂದು ಮಾತು. ಕ್ಲಬ್ಬನ್ನು ನಡೆಸುವವರು ಯಾರೆಂದು ಕೇಳಿದರೆ ನಾವು ಗೋಡೆಯ ಮೇಲೆ ತೂಗುಹಾಕಿದ ಹಲಗೆಯನ್ನು ತೋರಿಸುತ್ತೇವೆ; ಅಲ್ಲಿ ಅಧ್ಯಕ್ಷರ ಹೆಸರುಗಳು ಚಿನ್ನದ ಬಣ್ಣದಲ್ಲಿ ಸಾಲಾಗಿರುತ್ತವೆ. ನಿಜವಾಗಿ ನಡೆಸಿದವರ ಹೆಸರುಗಳು ಸಂಬಳದ ಪುಸ್ತಕದಲ್ಲಿ ಇರುವುವು. ಬೆಂಗಳೂರು ಕ್ಲಬ್ಬು 1868ರಲ್ಲಿ ಸೇನಾಧಿಕಾರಿಗಳ ಕ್ಲಬ್ಬಾಗಿ ಆರಂಭವಾದದ್ದು. ಅದರ 1899ನೆಯ ಇಸವಿಯ ನಡವಳಿಕೆಯ ಪುಸ್ತಕದಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯೊಂದಿದ್ದು, ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ಲನ ಹೆಸರಿನ ಮುಂದೆ 13 ರೂಪಾಯಿ ಎಂದು ಬರೆದಿದೆ. ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ಲನೇ ಅವನು. ಆ ಪುಟ ಈಗ ಒಂದು ಹೆಮ್ಮೆಯ ವಸ್ತುವಾಗಿದೆ. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಕ್ಲಬ್ಬಿನ ಪುಸ್ತಕದ ಒಂದು ಪುಟ ನೆನಪಾಗುವುದು. ಒಂದೇ ಸಭೆಯಲ್ಲಿ, ಊರು ಬಿಟ್ಟುಹೋಗಿದ್ದ ಒಬ್ಬ ಸದಸ್ಯರ ದೊಡ್ಡ ಬಾಕಿಯನ್ನು ಬಿಟ್ಟುಬಿಡಬೇಕೆಂದು ಮೊದಲನೆಯ ನಿರ್ಣಯ. ಮಾಣಿಯೊಬ್ಬನು ಒಡೆದ ಆರು ಗಾಜಿನ ಲೋಟಗಳ ಬೆಲೆಯನ್ನು ಅವನ ಸಂಬಳದಲ್ಲಿ ಹಿಡಿಯಬೇಕೆಂದು ಎರಡನೆಯ ನಿರ್ಣಯ. ಎರಡೂ ಸರ್ವಾನುಮತದಿಂದ ಅಂಗೀಕೃತವಾದವು. ಎರಡರ ಕೆಳಗೂ ನನ್ನ ರುಜುವಿದೆ. ಬರೆಯುವಾಗ ಅವೆರಡೂ ಒಂದರ ಕೆಳಗೊಂದು ಬಂದಿವೆಯೆಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಕಣ್ಣಿಗೆ ಬೀಳದಿರುವುದೇ ಇಂತಹ ಅಧಿಕಾರದ ದೋಷವೆಂದು ನನಗೆ ಈಗ ತೋರುತ್ತದೆ. ದೊಡ್ಡ ಅಧಿಕಾರವನ್ನು ಲೋಕವೆಲ್ಲ ನೋಡುತ್ತಿರುತ್ತದೆ. ಅದಕ್ಕೆ ನ್ಯಾಯಾಲಯವುಂಟು, ಪತ್ರಿಕೆಯುಂಟು, ಚುನಾವಣೆಯುಂಟು. ಸಣ್ಣ ಅಧಿಕಾರವನ್ನು ನಡೆಸುವವನ ಹೊರತು ನೋಡುವವರಿಲ್ಲ. ಆದುದರಿಂದ ಕ್ಲಬ್ಬನ್ನು ನಡೆಸುವವರ ಧರ್ಮ ಅರಸನ ಧರ್ಮಕ್ಕಿಂತ ಸುಲಭವೆಂದು ಭಾವಿಸಬಾರದು. ತನ್ನ ಕೈಬರಹವನ್ನು ತಾನೇ ಪರರದೆಂಬಂತೆ ಓದಿಕೊಳ್ಳುವುದು ಆ ಧರ್ಮದ ಮೊದಲನೆಯ ಪಾಠ. ಕಾಗದದಲ್ಲಿ ಮುಚ್ಚಿಹೋದ ಕರ್ತೃವನ್ನು ಹೊರತೆಗೆದು, ಅಲ್ಲಿ ತನ್ನ ಹೆಸರನ್ನು ಬರೆದುನೋಡುವುದು ಎರಡನೆಯದು. ಆಗಲೂ ವಾಕ್ಯ ನಿಂತರೆ ರುಜುಮಾಡಬಹುದು.

ನಾನು ಕೆಲಸವನ್ನು ಬಿಟ್ಟ ಮೇಲೆ, ಒಂದು ಬೆಳಗ್ಗೆ ಆ ವೃದ್ಧ ಮಾರ್ಕರನ ಮನೆಗೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದು ಹೋದವನು ಕೇಳುವುದಕ್ಕೆ ಆಗಲಿಲ್ಲ. ಅವನು ನನ್ನನ್ನು ಕಂಡು ಎದ್ದುನಿಂತನು. ಕುಳಿತುಕೊಳ್ಳಿರೆಂದು ಎಷ್ಟು ಹೇಳಿದರೂ ಕುಳಿತುಕೊಳ್ಳಲಿಲ್ಲ. ನಾನೂ ನಿಂತೇ ಇದ್ದೆ. ಟೆನ್ನಿಸ್ ಬಯಲಿಗೆ ಈಗ ಯಾರು ಗೆರೆ ಹಾಕುತ್ತಾರೆ, ಸುಣ್ಣ ಸರಿಯಾಗಿ ಅರೆಯುತ್ತಾರೆಯೆ ಎಂದು ಕೇಳಿದನು. ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಸುಣ್ಣದ ಲೆಕ್ಕವನ್ನು ಬರೆದಿದ್ದೆ; ಅದನ್ನು ಅರೆಯುವವರು ಯಾರೆಂದು ನಾನು ಎಂದೂ ಕೇಳಿರಲಿಲ್ಲ.